ಬಾನೆಟ್ ಎತ್ತಿದರೆ ಅರ್ಥವಾಗುತ್ತಿದ್ದ ಕಾರುಗಳು

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈ ಮಹಾನಗರದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಸೇವೆಯಿಂದ ನಿವೃತ್ತವಾಯಿತು. ಅಲ್ಲಿ ಟ್ಯಾಕ್ಸಿಗಳಿಗೆ ವಿಧಿಸಿದ್ದ ಇಪ್ಪತ್ತು ವರ್ಷಗಳ ವಯೋಮಿತಿ ಅದಕ್ಕೂ ಮುಗಿದಿತ್ತು. ಅದಕ್ಕೆ ಒಂಬತ್ತು ವರ್ಷ ಮೊದಲು, 2014ರ ಜನವರಿಯಲ್ಲಿ, ಮಾರುತಿ 800ರ ತಯಾರಿಕೆ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆಗೂ ತೆರೆಬಿದ್ದಿತು. ಮೂರು ಸಲವೂ ಪತ್ರಿಕೆಗಳು ಹಿರಿಯರೊಬ್ಬರು ತೀರಿಕೊಂಡಾಗ ಬರೆಯುವಂಥ ಲೇಖನಗಳನ್ನು ಪ್ರಕಟಿಸಿದವು. ನನ್ನ ಓರಗೆಯವರು ಅವುಗಳನ್ನು ಓದಿ ನಿಟ್ಟುಸಿರು ಬಿಟ್ಟರು. ನಿಷ್ಠುರವಾಗಿ ಹೇಳುವುದಾದರೆ, ಪದ್ಮಿನಿಯೂ ಅಂಬಾಸಿಡರ್ ಕೂಡ ಹೊರಜಗತ್ತು ಎಂದೋ ಕೈಬಿಟ್ಟಿದ್ದ ಮಾದರಿಗಳು. ಅವು ಭಾರ, ನಿಧಾನ. ನಮ್ಮ ಸಂಬಳದ ಅಳತೆಯಲ್ಲಿ ದುಬಾರಿ ಕೂಡ. ಹೀಗಿದ್ದೂ ಅವುಗಳ ಮೇಲೆ ನಮಗೇಕೆ ಇಷ್ಟು ಮಮತೆ? ಅದು ಕೇವಲ ಕಳೆದುಹೋದ ಯೌವನದ ಹಂಬಲವೇ, ಅಥವಾ ಅದರೊಳಗೆ ಇಂದಿನವರಿಗೂ ಬೇಕಾಗುವ ತಿರುಳೇನಾದರೂ ಉಂಟೇ?

ಇಂದಿನ ಯುವಕರಿಗೆ ಆ ಕಾಲದ ಮಾರುಕಟ್ಟೆಯನ್ನು ವಿವರಿಸುವುದು ಸುಲಭವಲ್ಲ. ಯಾವ ಕಾರ್ಖಾನೆ ಎಷ್ಟು ಕಾರು ತಯಾರಿಸಬೇಕು ಎಂಬುದನ್ನು ಪರವಾನಗಿ ನಿರ್ಧರಿಸುತ್ತಿತ್ತು. ತಯಾರಾದ ಕಾರು ಯಾರಿಗೆ, ಯಾವ ಸರದಿಯಲ್ಲಿ ಸಲ್ಲಬೇಕೆಂಬುದಕ್ಕೆ 1959ರ ನಿಯಂತ್ರಣ ಆದೇಶವಿತ್ತು. ಹೆಸರು ನೋಂದಾಯಿಸಿ, ಠೇವಣಿ ಇಟ್ಟು, ವರ್ಷಗಟ್ಟಲೆ ಕಾಯಬೇಕಾಗಿತ್ತು. 1970ರ ದಶಕದಲ್ಲಿ ಇಡೀ ದೇಶ ವರ್ಷವೊಂದರಲ್ಲಿ ತಯಾರಿಸುತ್ತಿದ್ದ ಕಾರುಗಳ ಸಂಖ್ಯೆ ಐವತ್ತು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಇಂದು ವರ್ಷಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರಯಾಣಿಕ ವಾಹನಗಳು ಮಾರಾಟವಾಗುತ್ತಿವೆ. ಆಯ್ಕೆಯೂ ಮೂರೇ: ಕೋಲ್ಕತ್ತದ ಕಡೆಯ ಅಂಬಾಸಿಡರ್, ಮುಂಬೈಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಆದ್ದರಿಂದ ನಮ್ಮಂಥ ಸಂಬಳದಾರರು ಹೊಸ ಕಾರಿನ ಯೋಚನೆಯನ್ನೇ ಮಾಡುತ್ತಿರಲಿಲ್ಲ. ಹಳೆಯ ಕಾರನ್ನು ಕೊಳ್ಳುವುದೆಂದರೆ, ಬೇರೊಬ್ಬರ ಮನೆಯಲ್ಲಿ ಬೆಳೆದ ಹಸುವನ್ನು ನಮ್ಮ ಕೊಟ್ಟಿಗೆಗೆ ತಂದುಕೊಂಡಂತೆ. ಅದರ ಹಾಯುವ, ಒದೆಯುವ, ಮುನಿಯುವ ಗುಣಗಳನ್ನೆಲ್ಲ ಮೊದಲು ಅರಿತುಕೊಳ್ಳಬೇಕಾಗಿತ್ತು.

ನನ್ನ ಮೊದಲ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. 1965ರಲ್ಲಿ ತಯಾರಾದ ಅದು 1978ರಲ್ಲಿ ನನ್ನ ಕೈಗೆ ಬರುವ ವೇಳೆಗೆ ಇಬ್ಬರು ಯಜಮಾನರನ್ನು ಕಂಡಿತ್ತು. ಬೆಂಗಳೂರಿನ ಕಾಲೇಜೊಂದರಲ್ಲಿ ಅಧ್ಯಾಪಕನಾಗಿದ್ದ ನಾನು ನೌಕರರ ಸಹಕಾರ ಸಂಘದಲ್ಲಿ ಸಾಲವೆತ್ತಿ ಅದನ್ನು ಕೊಂಡೆ. ಕೆನೆ ಬಣ್ಣ, ಎರಡೇ ಬಾಗಿಲು, ಮೈಸೂರು ರಾಜ್ಯದ ನೆನಪನ್ನು ಉಳಿಸಿಕೊಂಡಿದ್ದ ‘ಎಂವೈ’ ಎಂದು ಆರಂಭವಾಗುವ ಸಂಖ್ಯಾಫಲಕ. ಇಟಲಿಯ ವಿನ್ಯಾಸಕಾರ ಜೊವಾನಿ ಮಿಕೆಲೊಟ್ಟಿ ಇಂಗ್ಲೆಂಡಿನ ಟ್ರಯಂಫ್ ಸಂಸ್ಥೆಗಾಗಿ ರೂಪಿಸಿದ ಕಾರು ಅದು. ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಎಂಬ ಹೆಸರು ಹೊತ್ತು ಬಂದಿತ್ತು. ಅದಕ್ಕೆ ಎರಡು ವಿಶೇಷ ಗುಣಗಳಿದ್ದವು. ಒಂದು, ಬಹಳ ಇಕ್ಕಟ್ಟಾದ ಜಾಗದಲ್ಲೂ ಅದು ಪೂರ್ತಿ ತಿರುಗಿ ನಿಲ್ಲುತ್ತಿತ್ತು. ಗಾಂಧಿಬಜಾರಿನ ಅಡ್ಡರಸ್ತೆಗಳಲ್ಲಿ ಅದೊಂದು ವರವೇ ಸರಿ. ಇನ್ನೊಂದು, ಅದರ ಬಾನೆಟ್. ಇತರ ಕಾರುಗಳಂತೆ ಅದು ಬರಿಯ ಮುಚ್ಚಳವಾಗಿರಲಿಲ್ಲ. ಮಡ್‌ಗಾರ್ಡು, ದೀಪಗಳ ಸಮೇತ ಕಾರಿನ ಇಡೀ ಮೂತಿಯೇ ಮುಂದಕ್ಕೆ ಬಾಗಿ ಎದ್ದು ನಿಲ್ಲುತ್ತಿತ್ತು. ಆಗ ಎಂಜಿನ್ನಿನ ಜೊತೆಗೆ ಮುಂದಿನ ಚಕ್ರಗಳು, ಸ್ಟೀರಿಂಗಿನ ಸರಳುಗಳು, ಸ್ಪ್ರಿಂಗುಗಳು ಎಲ್ಲವೂ ಬಯಲಾಗುತ್ತಿದ್ದವು. ಟೈರಿನ ಮೇಲೆಯೇ ಕುಳಿತು ಕೆಲಸ ಮಾಡಬಹುದಿತ್ತು.

ಸಾಹಿತ್ಯದ ವಿದ್ಯಾರ್ಥಿಯಾದ ನಾನು ಯಂತ್ರವಿಜ್ಞಾನದ ಮೊದಲ ಪಾಠ ಕಲಿತದ್ದು ಆ ಟೈರಿನ ಮೇಲೆ ಕುಳಿತು. ಗುರು, ನಮ್ಮ ಬಡಾವಣೆಯ ಮೂಲೆಯಲ್ಲಿ ಹುಣಸೆಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೇಸ್ತ್ರಿ. ಪೆಟ್ರೋಲು ಮತ್ತು ಗಾಳಿ ಕಾರ್ಬುರೇಟರಿನಲ್ಲಿ ಬೆರೆಯುವುದನ್ನು, ಆ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹೊತ್ತಿಸುವುದನ್ನು, ಆ ಕಿಡಿಯ ಸಮಯವನ್ನು ಡಿಸ್ಟ್ರಿಬ್ಯೂಟರಿನ ಎರಡು ಪುಟ್ಟ ಪಾಯಿಂಟುಗಳ ನಡುವಣ ಸಂದು ನಿರ್ಧರಿಸುವುದನ್ನು ಅವರು ಕೈಯಲ್ಲಿ ಹಿಡಿದು ತೋರಿಸಿದರು. ಆ ಸಂದನ್ನು ಅಳೆಯಲು ಉಪಕರಣ ಬೇರೆಯೇ ಇದೆ. ಅವರು ಬಳಸುತ್ತಿದ್ದುದು ಮದುವೆಯ ಕರೆಯೋಲೆಯ ದಪ್ಪ ಕಾಗದ. ಎಂಜಿನ್ನು ತಡವರಿಸಿದಾಗ ನಾನು ಗಾಬರಿಗೊಂಡರೆ, “ಮೇಷ್ಟ್ರೇ, ಗಾಡಿ ಕೆಮ್ಮಿದ್ರೆ ಹೆದರ್ಬೇಡಿ, ಮಾತೇ ನಿಲ್ಲಿಸಿದ್ರೆ ಹೆದರಿ” ಎನ್ನುತ್ತಿದ್ದರು. ಬಿಡಿಭಾಗ ಬೇಕಾದರೆ ಜೆ.ಸಿ. ರಸ್ತೆ, ಅಲ್ಲಿಯೂ ಸಿಗದಿದ್ದರೆ ಶಿವಾಜಿನಗರದ ಗುಜರಿ. ಹೊಸದನ್ನು ಹಾಕುವುದು ಕೊನೆಯ ಉಪಾಯ. ಇದ್ದುದನ್ನು ಸರಿಪಡಿಸುವುದು ಮೊದಲ ಧರ್ಮ.

1982ರಲ್ಲಿ ಹೆರಾಲ್ಡನ್ನು ಮಾರಿ ಏಳು ವರ್ಷ ಹಳೆಯದಾದ ಪದ್ಮಿನಿಯನ್ನು ತಂದೆ. ಇಟಲಿಯ ಫಿಯೆಟ್ 1100 ಕಾರೇ ನಮ್ಮಲ್ಲಿ 1974ರಿಂದ ಚಿತ್ತೂರಿನ ರಾಣಿಯ ಹೆಸರಿನಲ್ಲಿ ಓಡಾಡುತ್ತಿತ್ತು. ಗೇರಿನ ಸನ್ನೆ ಸ್ಟೀರಿಂಗ್ ಕಂಬದ ಮೇಲಿದ್ದುದರಿಂದ ಮುಂದಿನ ಸೀಟು ಅಡ್ಡಲಾಗಿ ಒಂದೇ ಬೆಂಚು. ಗಂಡ, ಹೆಂಡತಿ, ನಡುವೆ ಮಗು. ಹಿಂದೆ ಅಜ್ಜಿ, ಅತ್ತೆ, ಉಳಿದ ಮಕ್ಕಳು. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು, ಎರಡು ಸಲ ಆಕ್ಸಿಲರೇಟರ್ ಒತ್ತಿ, ಮನಸ್ಸಿನಲ್ಲೇ ವಿಘ್ನೇಶ್ವರನನ್ನು ನೆನೆದು ‘ಸೆಲ್ಫ್’ ಹೊಡೆದರೆ ಕಾರು ಎಚ್ಚರಗೊಳ್ಳುತ್ತಿತ್ತು. ಆ ಮೊದಲ ಗುರುಗುಟ್ಟುವಿಕೆ ಬೀದಿಗೆಲ್ಲ ಬೆಳಗಾಯಿತೆಂದು ಸಾರುತ್ತಿತ್ತು.

ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿಯ ಕಡೆಯ ಸೋದರಮಾವನ ಮನೆಗೆ ಹೋಗುವುದು ನಮ್ಮ ವಾರ್ಷಿಕ ಮಹಾಯಾತ್ರೆ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಶಿವಮೊಗ್ಗ. ಬೆಳಗಿನ ಜಾವ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ. ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕಕ್ಕೆ ನೀರಿನ ಕ್ಯಾನು, ಫ್ಯಾನ್ ಬೆಲ್ಟು, ಪ್ಲಗ್ಗುಗಳು, ಉಪ್ಪುಕಾಗದ, ಒಂದು ಬಾರ್ ಸೋಪು ಮತ್ತು ಅಡುಗೆಮನೆಯ ಅರಿಶಿನದ ಪೊಟ್ಟಣ ಇರಲೇಬೇಕು. ಪೆಟ್ರೋಲ್ ಟ್ಯಾಂಕು ಸಣ್ಣಗೆ ಸೋರಿದರೆ ಸೋಪನ್ನು ಮೆತ್ತಬೇಕು. ರೇಡಿಯೇಟರು ಒಸರಿದರೆ ಅರಿಶಿನದ ಪುಡಿಯನ್ನು ನೀರಿಗೆ ಸುರಿಯಬೇಕು. ಬಿಸಿಲಿಗೆ ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಎಂಜಿನ್ನು ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಸಿ ಕಾಯಬೇಕು. ಮಳೆಯಲ್ಲಿ ವೈಪರ್ ಕೈಕೊಟ್ಟರೆ ಗಾಜಿಗೆ ಹೊಗೆಸೊಪ್ಪು ಉಜ್ಜಬೇಕು. ಯಾವ ಕೈಪಿಡಿಯಲ್ಲೂ ಇಲ್ಲದ ಈ ವಿದ್ಯೆ ಲಾರಿ ಚಾಲಕರಿಂದ ಟ್ಯಾಕ್ಸಿಯವರಿಗೆ, ಅವರಿಂದ ನಮಗೆ ಬಾಯಿಂದ ಬಾಯಿಗೆ ಬಂದದ್ದು.

1985ರ ಏಪ್ರಿಲಿನಲ್ಲಿ, ಹತ್ತು ವರ್ಷ ದುಡಿದಿದ್ದ ರೇಡಿಯೇಟರಿನ ರಬ್ಬರು ಕೊಳವೆ ಕಡೂರಿನಿಂದ ಸ್ವಲ್ಪ ಮುಂದೆ ಸೀಳಿತು. ನೆತ್ತಿ ಸುಡುವ ಬಿಸಿಲು. ಬಾನೆಟ್ಟಿನಿಂದ ಉಗಿಬಂಡಿಯಂತೆ ಹಬೆ. ಹೊಲದಲ್ಲಿದ್ದ ಹೆಂಗಸರಿಬ್ಬರು ಕೇಳದೆಯೇ ಕೊಡದಲ್ಲಿ ನೀರು ತಂದರು. ಮಕ್ಕಳನ್ನು ಬೇವಿನ ಮರದ ನೆರಳಿಗೆ ಕರೆದೊಯ್ದರು. ಸೈಕಲ್ ಪಂಕ್ಚರ್ ಅಂಗಡಿಯ ಮುದುಕನೊಬ್ಬ ಬಂದು ಕೊಳವೆಯನ್ನು ಮುಟ್ಟಿ ನೋಡಿ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಮುರಿದ ಕಾಲಿಗೆ ಕಟ್ಟು ಹಾಕುವವನಂತೆ ಬಿಗಿಯಾಗಿ ಸುತ್ತಿದ. ಎರಡು ರೂಪಾಯಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. “ವಾಪಸ್ ಬರುವಾಗ ಒಂದು ಕೂಗು ಹಾಕಿ ಸ್ವಾಮಿ, ಕಟ್ಟು ನಿಂತೈತಾ ನೋಡಾನ” ಎಂದ. ಹದಿನೈದು ದಿನಗಳ ನಂತರ ಹಿಂದಿರುಗುವಾಗ ಕಟ್ಟು ಹಾಗೆಯೇ ಇತ್ತು. ಮಾವನ ತೋಟದ ಹಲಸಿನ ಹಣ್ಣೊಂದನ್ನು ಅವನ ಅಂಗಡಿಯ ಮುಂದೆ ಇಳಿಸಿದೆವು. ಅವನು ಹಣ್ಣಿಗಿಂತ ಮೊದಲು ಕೊಳವೆಯನ್ನು ನೋಡಿದ.

ಆ ಮಾವನದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಆವೃತ್ತಿಯನ್ನು ಆಧರಿಸಿದ ಈ ಬಂಡಿ ಮಲೆನಾಡಿನ ಅಡಿಕೆ ಬೆಳೆಗಾರರ ಪಾಲಿಗೆ ಕಾರೂ ಹೌದು, ಗಾಡಿಯೂ ಹೌದು. ಮದುವೆಯ ದಿನ ಒಂಬತ್ತು ಜನರನ್ನು ಹೊತ್ತು ಬಂದದ್ದು, ಮರುದಿನ ಅಡಿಕೆ ಮೂಟೆ ಹೊತ್ತು ಮಂಡಿಗೆ ಹೋಗುತ್ತಿತ್ತು. ಬೆಂಗಳೂರಿಗೂ ಆ ಕಾಲದಲ್ಲಿ ತನ್ನದೇ ಆದ ಕಾರಿತ್ತು ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಸಿಪಾನಿ ಸಂಸ್ಥೆ 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನೂ, 1982ರಲ್ಲಿ ‘ಡಾಲ್ಫಿನ್’ ಎಂಬ ಪುಟ್ಟ ಕಾರನ್ನೂ ತಂದಿತು. ಡಾಲ್ಫಿನ್‌ನ ಮೈ ಫೈಬರ್ ಗಾಜಿನದು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಕಾರು ರ‍್ಯಾಲಿಗಳಲ್ಲಿ ಅದು ದೊಡ್ಡ ಕಾರುಗಳಿಗೂ ಸಡ್ಡು ಹೊಡೆಯಿತು. ನನ್ನ ಸಹೋದ್ಯೋಗಿಯೊಬ್ಬರು ಅದನ್ನು ಕೊಂಡಾಗ ಬೀದಿಯ ಹುಡುಗರು ಬಕೆಟ್ ಕಾರು ಎಂದು ನಕ್ಕರು. ನಮ್ಮ ಕಾರುಗಳು ತುಕ್ಕು ಹಿಡಿಯುವಾಗ ನಗುವ ಸರದಿ ಅವರದಾಯಿತು.

ಆದರೆ ಕಾರು ನನ್ನದೆಂಬುದು ನೋಂದಣಿ ಪುಸ್ತಕದ ಮಾತಷ್ಟೇ. ನಮ್ಮ ಬೀದಿಯ ಹದಿನಾಲ್ಕು ಮನೆಗಳಿಗೆ ಇದ್ದುದು ಎರಡೇ ಕಾರು. 108ರ ಆಂಬುಲೆನ್ಸ್ ಸೇವೆ ಕರ್ನಾಟಕಕ್ಕೆ ಬಂದದ್ದು 2008ರಲ್ಲಿ. ಅದಕ್ಕೆ ಕಾಲು ಶತಮಾನ ಮೊದಲು, ಅಪರಾತ್ರಿಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಬಡಿಯುತ್ತಿದ್ದುದು ನಮ್ಮಿಬ್ಬರ ಕದವನ್ನು. 1983ರ ಡಿಸೆಂಬರಿನ ಒಂದು ರಾತ್ರಿ ಎದುರುಮನೆಯ ಹುಡುಗಿಗೆ ಹೆರಿಗೆ ನೋವು ಆರಂಭವಾಯಿತು. ಚಳಿಗೆ ಬ್ಯಾಟರಿ ಸೋತಿತ್ತು. ಪಂಚೆ ಎತ್ತಿ ಕಟ್ಟಿಕೊಂಡು ಬಂದ ಐದು ಜನ ಗಂಡಸರು, ಅವರಲ್ಲಿ ನಿವೃತ್ತ ಅಂಚೆ ಅಧಿಕಾರಿಯೊಬ್ಬರೂ ಇದ್ದರು, ಕಾರನ್ನು ಬೀದಿಯ ಕೊನೆಯ ಇಳಿಜಾರಿನವರೆಗೆ ತಳ್ಳಿದರು. ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟೊಡನೆ ಎಂಜಿನ್ನು ಹಿಡಿಯಿತು. ವಾಣಿವಿಲಾಸ ಆಸ್ಪತ್ರೆ ಸೇರಿದ ಮುಕ್ಕಾಲು ಗಂಟೆಯಲ್ಲಿ ಹೆಣ್ಣುಮಗು ಹುಟ್ಟಿತು. ಬೆಳಿಗ್ಗೆ ಆ ಐವರೂ ಮಗು ತಮ್ಮಿಂದಲೇ ಹುಟ್ಟಿತೆಂಬ ಗತ್ತಿನಿಂದ ಬೀದಿಯಲ್ಲಿ ತಿರುಗಾಡಿದರು.

ಇಷ್ಟು ಹೇಳಿದ ಮೇಲೆ ಆ ಕಾಲದ ಲೆಕ್ಕಪುಸ್ತಕದ ಇನ್ನೊಂದು ಪುಟವನ್ನೂ ತೆರೆಯುವುದು ನ್ಯಾಯ. ನನ್ನ ಆ ಎರಡು ಕಾರುಗಳಲ್ಲಿ ಸೀಟುಬೆಲ್ಟು ಇರಲಿಲ್ಲ. ನಡುವೆ ಕೂರಿಸುತ್ತಿದ್ದ ಮಗುವಿನ ಎದುರಿಗಿದ್ದುದು ಗಟ್ಟಿ ತಗಡಿನ ಹಲಗೆ. ನಾವು ಇಂದೂ ನೆನೆಯುವ ಆ ಪೆಟ್ರೋಲಿನ ವಾಸನೆಯ ಜೊತೆಗೆ ಸೀಸವೂ ನಮ್ಮ ಮಕ್ಕಳ ಉಸಿರಿಗೆ ಸೇರುತ್ತಿತ್ತು. ಸೀಸ ಬೆರೆಸಿದ ಪೆಟ್ರೋಲಿಗೆ ದೇಶದಾದ್ಯಂತ ವಿದಾಯ ಹೇಳಿದ್ದು 2000ದ ಫೆಬ್ರುವರಿಯಲ್ಲಿ. ಮೇಸ್ತ್ರಿಯ ಶೆಡ್ಡಿನಲ್ಲಿ ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಕೈಗಳು ಶಾಲೆಯಲ್ಲಿರಬೇಕಾದ ಹತ್ತು ಹನ್ನೊಂದು ವರ್ಷದ ಹುಡುಗರವು. ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಲು 2016ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಕಾರಿನ ನೆನಪೆಂಬುದೇ ಕೆಲವರಿಗೆ ಮಾತ್ರ ದಕ್ಕಿದ ಸೌಭಾಗ್ಯ. ಹದಿನಾಲ್ಕರಲ್ಲಿ ಹನ್ನೆರಡು ಮನೆಗಳಿಗೆ ಅದಿರಲಿಲ್ಲ. ಆದುದರಿಂದ ಆ ದಿನಗಳು ಮರಳಿ ಬರಲಿ ಎಂದು ನಾನು ಹಾರೈಸಲಾರೆ.

ಆ ಬಾಗಿಲನ್ನು ಅಗಲವಾಗಿ ತೆರೆದದ್ದು ಮಾರುತಿ 800. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಕಾರಿನ ಬೀಗದ ಕೈಯನ್ನು ಗ್ರಾಹಕರೊಬ್ಬರಿಗೆ ಹಸ್ತಾಂತರಿಸಿದರು. ಮೂರು ಸಿಲಿಂಡರಿನ, 796 ಸಿಸಿ ಸಾಮರ್ಥ್ಯದ ಆ ಪುಟ್ಟ ಎಂಜಿನ್ನು ಕಾರೆಂದರೆ ಏನೆಂಬ ನಮ್ಮ ಕಲ್ಪನೆಯನ್ನೇ ಬದಲಿಸಿತು. 1993ರಲ್ಲಿ, ಕಾರು ತಯಾರಿಕೆಗೆ ಪರವಾನಗಿಯ ಕಟ್ಟು ಸಡಿಲಿದ ವರ್ಷವೇ, ನಾನೂ ಒಂದನ್ನು ಕೊಂಡೆ. ಅದು ನನ್ನ ಬದುಕಿನ ಮೊತ್ತಮೊದಲ ಹೊಸ ಕಾರು. ಕೀಲಿ ತಿರುಗಿಸಿದರೆ ಸಾಕು, ವಿಘ್ನೇಶ್ವರನ ನೆನಹಿಲ್ಲದೆಯೂ ಹೊರಡುತ್ತಿತ್ತು. ಡಿಕ್ಕಿಯಿಂದ ಮೊದಲು ನೀರಿನ ಕ್ಯಾನು ಮರೆಯಾಯಿತು, ಆಮೇಲೆ ಅರಿಶಿನದ ಪೊಟ್ಟಣ. ಕಡೂರಿನಾಚೆಯ ಬೇವಿನ ಮರದ ಬಳಿ ನಿಲ್ಲುವ ಕಾರಣವೂ ಇಲ್ಲವಾಯಿತು. ಬೀದಿಯ ಮನೆಗಳ ಮುಂದೆ ಒಂದೊಂದಾಗಿ ಕಾರುಗಳು ಬಂದವು. ಅಪರಾತ್ರಿಯಲ್ಲಿ ಕದ ಬಡಿಯುವವರೂ ಕಡಿಮೆಯಾದರು. ಇದು ದುಃಖದ ಸಂಗತಿಯಲ್ಲ, ಜನಸಾಮಾನ್ಯರಿಗೆ ದೊರೆತ ಸ್ವಾತಂತ್ರ್ಯ. ಅದರ ಬೆಲೆಯನ್ನು ಮಾತ್ರ ನಗರ ಇಂದು ಕಟ್ಟುತ್ತಿದೆ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ನಮ್ಮ ಬೀದಿಯಲ್ಲಿ ಈಗ ಕಾರನ್ನು ತಳ್ಳಲು ಜನ ಸಿಕ್ಕರೂ ತಳ್ಳಲು ಜಾಗ ಸಿಗದು.

ನನ್ನ ಕಾಳಜಿ ಇರುವುದು ಇನ್ನೊಂದು ಬದಲಾವಣೆಯ ಬಗ್ಗೆ. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬುರೇಟರು ಹೋಗಿ ಇಂಧನವನ್ನು ಅಳೆದು ಚಿಮ್ಮಿಸುವ ವ್ಯವಸ್ಥೆ ಬಂದಿತು. ಅದನ್ನಾಳಲು ಪುಟ್ಟ ಕಂಪ್ಯೂಟರು ಬಂದಿತು. ಗಾಳಿಗೆ ಇದರಿಂದ ಒಳಿತೇ ಆಯಿತು. ಆದರೆ ಬಾನೆಟ್ ಎತ್ತಿದರೆ ಕಾಣುವುದು ಈಗ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ. 1983ರ ಆ ರಾತ್ರಿ ಹುಟ್ಟಿದ ಹುಡುಗಿ ಇಂದು ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಈಚೆಗೆ ಅವಳ ಹೊಸ ಕಾರು ಹೊರವರ್ತುಲ ರಸ್ತೆಯಲ್ಲಿ ಹಳದಿ ದೀಪವೊಂದನ್ನು ತೋರಿಸಿ ನಿಂತುಬಿಟ್ಟಿತು. ಅದು ತಾನಾಗಿ ಗೇರು ಬದಲಿಸುವ ಕಾರು. ತಳ್ಳಿ ಚಾಲೂ ಮಾಡುವಂತಿಲ್ಲ. ಬದಿಯ ಗ್ಯಾರೇಜಿನವನು ಬಂದು ನೋಡಿ ಕೈಚೆಲ್ಲಿದ. ಆ ದೋಷದ ಸಂಕೇತವನ್ನು ಓದುವ ಸಾಧನ ಅವನಲ್ಲಿರಲಿಲ್ಲ. ಎತ್ತಿಕೊಂಡು ಹೋಗುವ ಲಾರಿಗಾಗಿ ನಾಲ್ಕು ಗಂಟೆ ಕಾದಳು. “ಅಂಕಲ್, ಏನಾಗಿದೆ ಅಂತಾದ್ರೂ ಗೊತ್ತಾಗಿದ್ರೆ ಸಮಾಧಾನ ಇರ್ತಿತ್ತು” ಎಂದಳು. ದಿನವಿಡೀ ಕಂಪ್ಯೂಟರುಗಳನ್ನೇ ದುಡಿಸುವವಳು ಆಡಿದ ಮಾತದು.

ನಮ್ಮ ಮೇಸ್ತ್ರಿ ಈಗಿಲ್ಲ. ಅವರ ಮಗ ದೊಡ್ಡ ಸರ್ವೀಸ್ ಕೇಂದ್ರವೊಂದರಲ್ಲಿ ಸಮವಸ್ತ್ರ ಧರಿಸಿ ಕೆಲಸ ಮಾಡುತ್ತಾನೆ. ಅಪ್ಪನಿಗಿಲ್ಲದ ಸಂಬಳ, ವಿಮೆ, ಭವಿಷ್ಯನಿಧಿ ಅವನಿಗಿವೆ. “ಕಂಪ್ಯೂಟರ್ ಯಾವ ಪಾರ್ಟು ಅಂತ ತೋರಿಸುತ್ತೆ ಸಾರ್, ಅದನ್ನ ಬದಲಾಯಿಸ್ತೀವಿ. ಬಿಚ್ಚಿ ನೋಡೋ ಹಾಗಿಲ್ಲ” ಎನ್ನುತ್ತಾನೆ. ಬಿಚ್ಚಿ ನೋಡಬಾರದೆಂಬ ಈ ನಿಯಮವನ್ನು ಭೌತಶಾಸ್ತ್ರ ಮಾಡಿದ್ದಲ್ಲ, ಮಾರುಕಟ್ಟೆ ಮಾಡಿದ್ದು. ಕಾರು ಜಟಿಲವಾಗಿರುವುದು ಒಂದು ಮಾತು. ಅದರ ಕೈಪಿಡಿ, ಬಿಡಿಭಾಗ, ದೋಷ ಓದುವ ಸಾಧನಗಳು ಮಾರಿದವನ ಬಳಿಯಲ್ಲೇ ಉಳಿಯುವುದು ಬೇರೊಂದು ಮಾತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ನ ಬಗ್ಗೆ 2022ರಲ್ಲಿ ಸಮಿತಿಯೊಂದನ್ನು ರಚಿಸಿ, ವಾಹನ ಕ್ಷೇತ್ರವನ್ನೂ ಅದರ ವ್ಯಾಪ್ತಿಗೆ ತಂದಿತು, ಅದೇ ವರ್ಷ ಮಾಹಿತಿಗಾಗಿ ಜಾಲತಾಣವೊಂದನ್ನೂ ಆರಂಭಿಸಿತು. ಜಾಲತಾಣ ಒಳ್ಳೆಯದೇ. ಆದರೆ ಗ್ರಾಹಕನು ಹಕ್ಕಿನಿಂದ ಕೇಳಬಹುದಾದದ್ದು ಕಾನೂನಿನಲ್ಲಿ ಬರೆದಿಟ್ಟದ್ದನ್ನು ಮಾತ್ರ. ಇನ್ನೊಂದೆಡೆ, ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ ಒಮ್ಮೆಗೇ 5,000 ರೂಪಾಯಿಗೆ ಏರಿತು. ಹೊಗೆಯುಗುಳುವ ವಾಹನ ರಸ್ತೆಯಿಂದ ಸರಿಯಲೇಬೇಕು, ಸಂದೇಹವಿಲ್ಲ. ಆದರೆ ಚೆನ್ನಾಗಿ ಸಾಕಿದ ಕಾರಿಗೂ ಸಾಕದ ಕಾರಿಗೂ ವ್ಯತ್ಯಾಸವನ್ನು ಹೇಳಬೇಕಾದದ್ದು ಪರೀಕ್ಷೆಯೇ ಹೊರತು ವಯಸ್ಸಲ್ಲ.

ಈ ಪ್ರಶ್ನೆಗೆ ಈಗಲೇ ಉತ್ತರ ಕಂಡುಕೊಳ್ಳಬೇಕಾದ ಕಾರಣವೂ ಇದೆ. ಪೆಟ್ರೋಲಿನ ಯುಗ ಮುಗಿದು ವಿದ್ಯುತ್ತಿನ ಯುಗ ಬರುತ್ತಿದೆ. ‘ರೇವಾ’ ಎಂಬ ವಿದ್ಯುತ್ ಕಾರನ್ನು 2001ರಲ್ಲಿಯೇ ರಸ್ತೆಗಿಳಿಸಿದ ಹೆಮ್ಮೆ ಬೆಂಗಳೂರಿಗಿದೆ. ವಿದ್ಯುತ್ ಕಾರಿಗೆ ಪ್ಲಗ್ಗಿಲ್ಲ, ಕಾರ್ಬುರೇಟರಿಲ್ಲ, ಕ್ಲಚ್ಚಿಲ್ಲ. ಚಲಿಸುವ ಭಾಗಗಳು ಬಹಳ ಕಡಿಮೆ. ಸ್ವಭಾವತಃ ಅದು ನನ್ನ ಹೆರಾಲ್ಡಿಗಿಂತಲೂ ಸರಳ ಯಂತ್ರ. ಅದರ ಬ್ಯಾಟರಿಯ ಒಂದು ಭಾಗ ಕೆಟ್ಟಾಗ ಅಷ್ಟನ್ನೇ ಸರಿಪಡಿಸಿಕೊಳ್ಳಬಹುದೋ, ಇಡೀ ಬ್ಯಾಟರಿಯನ್ನೇ ಕೊಳ್ಳಬೇಕೋ ಎಂಬುದು ನಾವು ಇಂದು ಬರೆಯುವ ನಿಯಮಗಳ ಮೇಲೆ ನಿಂತಿದೆ. ಹೆಚ್ಚು ವೋಲ್ಟೇಜಿನ ಅಪಾಯವನ್ನು ಬಲ್ಲ, ತರಬೇತಿ ಪಡೆದ ಸ್ಥಳೀಯ ಮೇಸ್ತ್ರಿಗಳು ಬೇಕು. ಕೈಪಿಡಿ ಮತ್ತು ಬಿಡಿಭಾಗಗಳು ನ್ಯಾಯವಾದ ಬೆಲೆಗೆ ಅವರಿಗೂ ದೊರೆಯಬೇಕು. ಐಟಿಐಗಳಲ್ಲಿ ಕಲಿತ ನಮ್ಮ ಹುಡುಗರು ಇಂಥ ಗ್ಯಾರೇಜು ತೆರೆಯುವಂತಾದರೆ, ಬಾಲಕರ ಬಾಲ್ಯವನ್ನು ಬಲಿಗೊಡದೆಯೂ ಹುಣಸೆಮರದ ಕೆಳಗಿನ ಆ ವಿದ್ಯೆ ಮುಂದುವರಿಯುತ್ತದೆ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿಯೂ ಹಳೆಯ ಕಾರುಗಳನ್ನು ಒರೆಸಿ, ಮಿರುಗಿಸಿ ನಿಲ್ಲಿಸಿದ್ದಾರೆ. ಅವುಗಳ ಮುಂದೆ ನಿಂತು ನನ್ನ ಮೊಮ್ಮಕ್ಕಳು ಚಿತ್ರ ತೆಗೆಸಿಕೊಳ್ಳುತ್ತಾರೆ, ಅದು ಆಗಬೇಕಾದದ್ದೇ. ಆದರೆ ಆ ಕಾರುಗಳನ್ನು ರಸ್ತೆಯಲ್ಲಿ ಉಳಿಸಿದ ತಿಳಿವಳಿಕೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲು ಬರುವುದಿಲ್ಲ. ಅದು ಬಳಕೆಯಲ್ಲಿದ್ದರೆ ಮಾತ್ರ ಬದುಕುತ್ತದೆ.